ಕಡೂರಿನಿಂದ ತರೀಕೆರೆಗೆ ಎಷ್ಟು ತಡ?

ಪ್ರಶ್ನೆ: ಕಡೂರು, ತರೀಕೆರೆ, ಅಜ್ಜಂಪುರದ ಕಚೇರಿಗಳನ್ನು ಈಥರ್ನೆಟ್ ಜಾಲದಲ್ಲಿ ಜೋಡಿಸಿದರೆ, ದತ್ತಾಂಶ ತಲುಪಲು ಆಗುವ ತಡವನ್ನು ಅಳೆಯುವುದು ಹೇಗೆ? ಎರಡೂ ಕಡೆಯ ಗಡಿಯಾರ ಒಂದೇ ಆಗಿರಬೇಕೇ?

ಉತ್ತರ: ಹೋಗಿಬರುವ ಒಟ್ಟು ತಡಕ್ಕಾದರೆ ಬೇಕಿಲ್ಲ. ಕಡೂರಿನಿಂದ ಬಸ್ಸಿನಲ್ಲಿ ಬುತ್ತಿ ಕಳಿಸಿದಿರಿ ಎನ್ನಿ. ತರೀಕೆರೆಯವರು ಅದು ಬಂದ ಹೊತ್ತನ್ನೂ ಖಾಲಿ ಡಬ್ಬಿ ವಾಪಸ್ ಕಳಿಸಿದ ಹೊತ್ತನ್ನೂ ಚೀಟಿಯಲ್ಲಿ ಬರೆಯುತ್ತಾರೆ. ಒಟ್ಟು ಸಮಯದಲ್ಲಿ ಅವರು ಇಟ್ಟುಕೊಂಡ ಸಮಯ ಕಳೆದರೆ ದಾರಿಯ ಸಮಯ ಸಿಗುತ್ತದೆ. ಅವರ ಗಡಿಯಾರ ಹತ್ತು ನಿಮಿಷ ಮುಂದಿದ್ದರೂ ಲೆಕ್ಕ ಕೆಡುವುದಿಲ್ಲ. ಐಟಿಯು ಸಂಸ್ಥೆಯ ವೈ.1731 ಮಾನದಂಡ ಮಾಡುವುದೂ ಇದನ್ನೇ: ಡಿಎಂಎಂ ಎಂಬ ಚೌಕಟ್ಟು ಹೋಗುತ್ತದೆ, ಡಿಎಂಆರ್ ಮರಳುತ್ತದೆ, ನಾಲ್ಕು ಸಮಯಮುದ್ರೆಗಳು ಸಿಗುತ್ತವೆ. ಒಮ್ಮುಖ ತಡ ಬೇಕೆಂದರೆ ಮಾತ್ರ ಎರಡೂ ಗಡಿಯಾರಗಳು ನಿಖರವಾಗಿ ಹೊಂದಬೇಕು.

ಈ ಅಳತೆಯ ಸಂರಚನೆಯಲ್ಲಿ ಎರಡೂ ತುದಿಗೆ ಒಂದೇ ನಿರ್ವಹಣಾ ಹಂತ (0ರಿಂದ 7), ಒಂದೇ ವಿಎಲ್ಎಎನ್, ಬೇರೆ ಬೇರೆ ತುದಿ ಸಂಖ್ಯೆ ಕೊಡಿ. ಹಂತ ತಪ್ಪಿದರೆ ಉತ್ತರವೇ ಬರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಅಳತೆಯ ಚೌಕಟ್ಟಿಗೂ ನಿಮ್ಮ ನಿಜವಾದ ದತ್ತಾಂಶದ ಆದ್ಯತೆಯನ್ನೇ ಕೊಡಿ. ಸಮಯಮುದ್ರೆಯನ್ನು ಯಂತ್ರಾಂಶವೇ ಹಾಕಲಿ.

ಫೈಬರಿನಲ್ಲಿ ಬೆಳಕಿಗೆ ಕಿಲೋಮೀಟರಿಗೆ ಸುಮಾರು 5 ಮೈಕ್ರೊಸೆಕೆಂಡ್ ಬೇಕು. ಕೇಬಲ್ 40 ಕಿ.ಮೀ. ಉದ್ದವಿದ್ದರೆ ಹೋಗಿಬರಲು 0.4 ಮಿಲಿಸೆಕೆಂಡ್. ನಿಮ್ಮ ಅಳತೆ 20 ಮಿಲಿಸೆಕೆಂಡ್ ತೋರಿಸಿದರೆ, ದತ್ತಾಂಶ ಬೆಂಗಳೂರು ಸುತ್ತಿ ಬರುತ್ತಿದೆಯೇ, ಸ್ವಿಚ್ಚಿನ ಸಾಲಿನಲ್ಲಿ ಕಾಯುತ್ತಿದೆಯೇ ಎಂದು ಮೊದಲು ನೋಡಿ.