ಗಿಟಾರಿಗೆ ಬಾಯಿ ಬರಿಸುವ ಪೆಡಲು

ಗಣಪತಿ ಕೂರಿಸುವ ದಿನಗಳು ಬಂದವೆಂದರೆ ದಾವಣಗೆರೆ, ಹರಿಹರ, ಮಲೆಬೆನ್ನೂರು ಸೀಮೆಯ ಆರ್ಕೆಸ್ಟ್ರಾದವರಿಗೆ ಪುರುಸೊತ್ತಿರುವುದಿಲ್ಲ. ಇವತ್ತು ಈ ಊರಿನ ಪೆಂಡಾಲು, ನಾಳೆ ಇನ್ನೊಂದು. ಕೀಬೋರ್ಡು, ರಿದಂ ಪ್ಯಾಡು, ಡೋಲಕ್ಕಿನ ಸಾಲಿನಲ್ಲಿ ಒಂದು ಮೂಲೆಗೆ ಗಿಟಾರಿನ ಹುಡುಗ ನಿಂತಿರುತ್ತಾನೆ. ಅವನ ಕಾಲ ಬುಡದಲ್ಲೊಂದು ಕಪ್ಪು ಪೆಟ್ಟಿಗೆ. ಹಿಂದೆ ಒಂದೊಂದು ಸದ್ದಿಗೆ ಒಂದೊಂದು ಡಬ್ಬಿ ಕೊಂಡು, ವೈರು ಜೋಡಿಸಿ, ಚೀಲ ತುಂಬಿಕೊಂಡು ಹೋಗಬೇಕಿತ್ತು. ಈಗ ಬಾಸ್ ಜಿಟಿ-1, ಜೂಮ್ ಜಿ1 ಎಕ್ಸ್ ಫೋರ್ ತರಹದ ಸಣ್ಣ ಪ್ರೊಸೆಸರ್ ಒಂದಿದ್ದರೆ ಆಯಿತು. ನಾಲ್ಕು ಪೆನ್ ಸೆಲ್ ಹಾಕಿದರೂ ನಡೆಯುತ್ತದೆ. ಪಕ್ಕದಲ್ಲೇ ಕಾಲಿನಿಂದ ಒತ್ತುವ ಪೆಡಲೂ ಇರುತ್ತದೆ.

ಎಪ್ಪತ್ತರ ದಶಕದ ಯಾವುದಾದರೂ ಕ್ಲಬ್ ಹಾಡು ಶುರುವಾದಾಗ ಆ ಪೆಡಲಿಗೆ ಕೆಲಸ ಬರುತ್ತದೆ. ಹುಡುಗ ಪಾದ ಮೇಲೆ ಕೆಳಗೆ ಆಡಿಸುತ್ತಾನೆ, ಗಿಟಾರು ‘ವಾ... ವಾ...’ ಎಂದು ಬಾಯಿ ಬಿಡಬೇಕು. ಆದರೆ ಬಹಳ ಸಲ ಹಾಗಾಗುವುದಿಲ್ಲ. ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡಾಗ ಚಂದ ಕೇಳಿದ್ದು ಪೆಂಡಾಲಿನ ಸ್ಪೀಕರಿನಲ್ಲಿ ಕಿವಿ ಕೊರೆಯುತ್ತದೆ, ಇಲ್ಲವೇ ಡೋಲಕ್ಕಿನ ಕೆಳಗೆ ಹೂತುಹೋಗುತ್ತದೆ. ‘ಡಿಜಿಟಲ್‌ನಲ್ಲಿ ವಾ ಬರಲ್ಲ ಬಿಡ್ರಿ’ ಎಂಬ ತೀರ್ಮಾನವೂ ಆಗಿಬಿಡುತ್ತದೆ. ಈ ಆರೋಪ ನನಗೆ ಒಪ್ಪಿಗೆಯಿಲ್ಲ. ಕಂಪನಿ ತುಂಬಿ ಕಳಿಸಿದ ಪ್ಯಾಚನ್ನು, ಅಂದರೆ ಸದ್ದಿನ ಸಿದ್ಧ ಜೋಡಣೆಯನ್ನು, ಒಂದು ಅಂಕಿಯೂ ಬದಲಿಸದೆ ವೇದಿಕೆ ಹತ್ತಿಸಿದರೆ ಯಾವ ಯಂತ್ರವೂ ಹೀಗೇ ಮಾಡುತ್ತದೆ.

ಸರಿಪಡಿಸುವ ಮೊದಲು ಈ ಸದ್ದು ಏನೆಂದು ತಿಳಿದಿರಬೇಕು. ಗಂಟಲಿನಿಂದ ದನಿ ತೆಗೆಯದೆ, ಬರೀ ಪಿಸುಮಾತಿನಲ್ಲಿ ಊ, ಓ, ಆ, ಏ, ಈ ಎಂದು ಹೇಳಿ ನೋಡಿ. ಉಸಿರಿನ ಸದ್ದು ಮೆಲ್ಲಗೆ ಮೇಲೇರುತ್ತದೆ. ನಾಲಿಗೆ, ತುಟಿ ಜಾಗ ಬದಲಿಸಿದಂತೆ ಬಾಯೊಳಗಿನ ಗಾಳಿ ಬೇರೆ ಬೇರೆ ಕಂಪನಗಳನ್ನು ಎತ್ತಿ ಹಿಡಿಯುತ್ತದೆ. ಗಂಡಸರ ಬಾಯಿಯಲ್ಲಿ ಹೀಗೆ ಏರುವ ಅನುರಣನ ‘ಊ’ಗೆ 800 ಹರ್ಟ್ಸ್ ಆಸುಪಾಸಿನಲ್ಲಿದ್ದರೆ ‘ಈ’ಗೆ 2,000 ದಾಟುತ್ತದೆ. ವಾ ಪೆಡಲಿನ ಕೆಲಸವೂ ಇಷ್ಟೇ. ಒಂದು ಕಿರಿದಾದ ಕಂಪನಪಟ್ಟಿಯನ್ನು ಎತ್ತಿ ಹಿಡಿದು, ಕಾಲು ಆಡಿಸಿದಂತೆ ಅದನ್ನು ಸುಮಾರು 400 ಹರ್ಟ್ಸ್‌ನಿಂದ 2,000 ಹರ್ಟ್ಸ್‌ವರೆಗೆ ಸರಿಸುತ್ತದೆ. ನುಡಿಸಿದ ಸ್ವರ ಇದ್ದಲ್ಲೇ ಇರುತ್ತದೆ, ಅದರ ಬಣ್ಣ ಬದಲಾಗುತ್ತದೆ. ಇದನ್ನು ಗಮಕ ಎಂದುಕೊಂಡು ಕಾಲು ಒದೆಯುವವರಿದ್ದಾರೆ. ಗಮಕ ಬೇಕಿದ್ದರೆ ಬೆರಳಿನಿಂದ ತಂತಿ ಎಳೆಯಬೇಕು, ಕಾಲಿನಿಂದ ಆಗದು.

ಪೆಡಲು ಹುಟ್ಟಿದ್ದೂ ಯಾರೋ ಹುಡುಕಿ ಹೊರಟಿದ್ದರಿಂದಲ್ಲ. 1966ರಲ್ಲಿ ಅಮೆರಿಕದ ಥಾಮಸ್ ಆರ್ಗನ್ ಕಂಪನಿಯ ಎಂಜಿನಿಯರ್ ಬ್ರಾಡ್ ಪ್ಲಂಕೆಟ್ ಅವರಿಗೆ ವಾಕ್ಸ್ ಆಂಪ್ಲಿಫೈಯರಿನ ದುಬಾರಿ ಸ್ವಿಚ್ ಒಂದರ ಬದಲು ಅಗ್ಗದ ಸರ್ಕಿಟ್ ಮಾಡುವ ಕೆಲಸ ಬಂದಿತ್ತು. ಅದರ ಗುಂಡಿ ತಿರುಗಿಸಿದಾಗ ಹೊರಟ ಸದ್ದು ಎಲ್ಲರಿಗೂ ಹಿಡಿಸಿತು. ಆರ್ಗನ್ನಿನ ವಾಲ್ಯೂಮ್ ಪೆಡಲಿನ ಹೊಟ್ಟೆಗೆ ಅದನ್ನು ಸೇರಿಸಿದರು. ಕಂಪನಿ ಅದಕ್ಕೆ ಇಟ್ಟ ಹೆಸರು ಕ್ಲೈಡ್ ಮೆಕಾಯ್ ಅವರದು, ಆತ ಟ್ರಂಪೆಟ್ ವಾದಕ! ಟ್ರಂಪೆಟ್ಟಿನ ಬಾಯಿಗೆ ಮುಚ್ಚಳ ಹಿಡಿದು ಬಿಟ್ಟಾಗ ಬರುವ ಸದ್ದಿಗೆ ಇದು ಹತ್ತಿರ ಎಂಬ ಲೆಕ್ಕ. ವರ್ಷ ಕಳೆಯುವಷ್ಟರಲ್ಲಿ ಎರಿಕ್ ಕ್ಲಾಪ್ಟನ್, ಜಿಮಿ ಹೆಂಡ್ರಿಕ್ಸ್ ಅದನ್ನು ಗಿಟಾರಿನ ಸ್ವಂತ ಆಸ್ತಿ ಮಾಡಿಬಿಟ್ಟರು.

ಆ ಹಳೆಯ ಪೆಡಲಿನೊಳಗೆ ತಂತಿ ಸುತ್ತಿದ ಪುಟ್ಟ ಇಂಡಕ್ಟರ್ ಇತ್ತು. ಪ್ರೊಸೆಸರಿನಲ್ಲಿ ಅದಿಲ್ಲ, ಅದರ ಗಣಿತವಿದೆ. ಪೆಡಲು ಎಷ್ಟು ಓರೆಯಾಗಿದೆ ಎಂಬುದನ್ನು ಯಂತ್ರ ಒಂದು ಅಂಕಿಯಾಗಿ ಓದಿಕೊಂಡು ಫಿಲ್ಟರನ್ನು ಸರಿಸುತ್ತದೆ. ಆದ್ದರಿಂದ ಮೊದಲ ಕೆಲಸ ಆ ಅಂಕಿ ಸರಿಯಾಗಿ ಓದಿಸುವುದು. ಮೆನುವಿನಲ್ಲಿ ಪೆಡಲ್ ಕ್ಯಾಲಿಬ್ರೇಷನ್ ಎಂಬುದಿರುತ್ತದೆ. ಹಿಮ್ಮಡಿ ಪೂರ್ತಿ ಕೆಳಗೆ ಒತ್ತಿ ಒಮ್ಮೆ, ಬೆರಳ ತುದಿ ಪೂರ್ತಿ ಒತ್ತಿ ಒಮ್ಮೆ ಯಂತ್ರಕ್ಕೆ ತೋರಿಸಬೇಕು. ಇದನ್ನು ಮಂಚದ ಮೇಲೆ ಕೂತು ಕೈಯಿಂದ ಒತ್ತಿ ಮಾಡುವವರೇ ಹೆಚ್ಚು. ಹಾಗೆ ಮಾಡಬೇಡಿ. ಗಿಟಾರ್ ಹೆಗಲಿಗೆ ಹಾಕಿ, ವೇದಿಕೆಯಲ್ಲಿ ತೊಡುವ ಬೂಟೋ ಚಪ್ಪಲಿಯೋ ತೊಟ್ಟು, ನಿಂತೇ ಮಾಡಿ. ಕೈ ಒತ್ತುವಷ್ಟು ದೂರ ಕಾಲು ಒತ್ತುವುದಿಲ್ಲ. ಪೆಂಡಾಲಿನ ಹಲಗೆಯ ಮೇಲೆ ಹಾಸಿದ ಜಮಖಾನದಲ್ಲಿ ಪೆಟ್ಟಿಗೆ ವಾಲಿಕೊಂಡಿದ್ದರಂತೂ ಇನ್ನೂ ಕಡಿಮೆ.

ಎರಡನೆಯದು ವ್ಯಾಪ್ತಿ. ಪೆಡಲಿನ ಕನಿಷ್ಠ, ಗರಿಷ್ಠ ಎರಡನ್ನೂ ಬದಲಿಸಲು ಯಂತ್ರ ಬಿಡುತ್ತದೆ, ಬಹಳ ಜನ ಆ ಪುಟ ತೆರೆದೇ ನೋಡಿರುವುದಿಲ್ಲ. ಗಿಟಾರಿನ ದಪ್ಪ ತಂತಿಯ ಬಿಡಿ ಸ್ವರ 82 ಹರ್ಟ್ಸ್. 400ರ ಹತ್ತಿರ ಫಿಲ್ಟರ್ ಹಿಡಿಯುವುದು ಅದರ ಐದನೆಯ ಅನುಸ್ವರವನ್ನು, ಅಂದರೆ ಮೂಲ ಕಂಪನದ ಐದು ಪಟ್ಟಿನದನ್ನು, ಅದು ಗಟ್ಟಿಯಾಗಿಯೇ ಇರುತ್ತದೆ. 2,000ದಲ್ಲಿ ಹಿಡಿಯಬೇಕಾದ್ದು ಇಪ್ಪತ್ತನಾಲ್ಕನೆಯದನ್ನು. ಕ್ಲೀನ್ ಸದ್ದಿನಲ್ಲಿ, ಅದರಲ್ಲೂ ತಿಂಗಳುಗಟ್ಟಲೆ ಬದಲಿಸದ ತುಕ್ಕು ತಂತಿಯಲ್ಲಿ, ಅಲ್ಲಿ ಹಿಡಿಯಲು ಏನೂ ಉಳಿದಿರುವುದಿಲ್ಲ. ಅದಕ್ಕೇ ಪೆಡಲು ಪೂರ್ತಿ ಒತ್ತಿದಾಗ ಬಡಕಲು ಕಿರಿಚಾಟ. ನೂರರ ಅಳತೆಯಲ್ಲಿ ಕೆಳಗೆ 15, ಮೇಲೆ 75ಕ್ಕೆ ಕಟ್ಟಿಹಾಕಿ ನೋಡಿ. ‘ವಾ’ ಹುಟ್ಟುವುದು ನಡುಭಾಗದಲ್ಲೇ. ಅಷ್ಟಾದರೂ ಮಂಕೆನಿಸಿದರೆ ಹೊಸ ತಂತಿ ಹಾಕಿ, ಪ್ಯಾಚು ಬದಲಿಸುವುದಕ್ಕಿಂತ ಅಗ್ಗ.

ಸದ್ದನ್ನು ಒಡೆಯುವ ಡಿಸ್ಟಾರ್ಷನ್ ಹಾಕಿದಾಗ ಲೆಕ್ಕವೇ ಬೇರೆ, ಅಲ್ಲಿ ಸಾಲಿನ ಕ್ರಮ ಮುಖ್ಯ. ವಾ ಮುಂದಿದ್ದು ಡಿಸ್ಟಾರ್ಷನ್ ಹಿಂದಿದ್ದರೆ ಎತ್ತಿ ಹಿಡಿದ ಪಟ್ಟಿಯೇ ಹೆಚ್ಚು ಒಡೆದು ಮಾತಿನ ಗುಣ ಬರುತ್ತದೆ, ಹೆಂಡ್ರಿಕ್ಸ್ ಕಾಲದ ಸದ್ದು ಇದು. ತಿರುಗಾಮುರುಗಾ ಮಾಡಿದರೆ ಡಿಸ್ಟಾರ್ಷನ್ ಹುಟ್ಟಿಸಿದ ಅನುಸ್ವರಗಳನ್ನೆಲ್ಲ ಫಿಲ್ಟರ್ ಬಾಚಿಕೊಂಡು ಹೋಗಿ ಸಿಂಥಸೈಜರ್ ತರಹದ ದೊಡ್ಡ ಬೀಸು ಬರುತ್ತದೆ. ಕೀಬೋರ್ಡ್ ಈಗಾಗಲೇ ಜಾಗ ತುಂಬಿರುವ ನಮ್ಮ ಆರ್ಕೆಸ್ಟ್ರಾಗಳಲ್ಲಿ ಎರಡನೆಯದು ಗೊಂದಲ ಎಬ್ಬಿಸುತ್ತದೆ. ವಾ ಮುಂದಿರಲಿ.

ಆನ್ ಮಾಡುವ ಸ್ವಿಚ್ಚು ಪೆಡಲಿನ ಬೆರಳ ತುದಿಯ ಕೆಳಗೇ ಇರುವ ಯಂತ್ರಗಳಲ್ಲಿ ಇನ್ನೊಂದು ಫಜೀತಿ ಇದೆ. ವಾ ಆಫ್ ಆದ ಕೂಡಲೇ ಅದೇ ಪೆಡಲು ವಾಲ್ಯೂಮ್ ಆಗಿಬಿಡುತ್ತದೆ. ಸೋಲೋ ಮುಗಿಸಿದ ಹುಡುಗ ಅಭ್ಯಾಸಬಲದಿಂದ ಹಿಮ್ಮಡಿ ಊರುತ್ತಾನೆ, ಗಿಟಾರು ಮಾಯ! ಸೌಂಡ್‌ನವನು ಅಲ್ಲಿಂದ ಕೇಬಲ್ ಹುಡುಕಿಕೊಂಡು ಓಡಿಬರುತ್ತಾನೆ. ವಾ ಪ್ಯಾಚಿನಲ್ಲಿ ವಾಲ್ಯೂಮಿನ ಕನಿಷ್ಠವನ್ನು ಸೊನ್ನೆಯಿಂದ ಎಬ್ಬಿಸಿ ಎಪ್ಪತ್ತಕ್ಕೆ ಇಟ್ಟರೆ ಈ ಕಾಟವಿಲ್ಲ.

ಕಾಲು ಬೇಡವೆನ್ನುವವರಿಗೆ ಟಚ್ ವಾ ಇದೆ. ಮೈಕ್ ಬೈಗಲ್ ರೂಪಿಸಿ 1972ರಲ್ಲಿ ಬಂದ ಮ್ಯೂಟ್ರಾನ್ ತ್ರೀ ಎಂಬ ಪೆಟ್ಟಿಗೆ ಈ ಬಗೆಗೆ ಹೆಸರು ತಂದಿತು. ಮೀಟು ಜೋರಾದಷ್ಟೂ ಫಿಲ್ಟರ್ ತಾನೇ ಬಾಯಿ ತೆರೆಯುತ್ತದೆ. ಇದಕ್ಕೆ ಸೆನ್ಸಿಟಿವಿಟಿ ಒಂದನ್ನೇ ಸರಿಯಾಗಿ ಇಟ್ಟರೆ ಸಾಕು. ಹಾಡಿನಲ್ಲಿ ಎಷ್ಟು ಜೋರಾಗಿ ನುಡಿಸುತ್ತೀರೋ ಅಷ್ಟೇ ಜೋರಾಗಿ ಮೀಟಿ, ಆಗಷ್ಟೇ ಪೂರ್ತಿ ತೆರೆಯುವ ಜಾಗಕ್ಕೆ ನಿಲ್ಲಿಸಿ. ಇದರ ಮುಂದೆ ಕಂಪ್ರೆಸರ್ ಇಡಬಾರದು, ಅದು ಜೋರು ಮೆಲು ಎರಡನ್ನೂ ಒಂದು ಮಾಡಿದರೆ ಟಚ್ ವಾಗೆ ಕೆಲಸವೇ ಉಳಿಯುವುದಿಲ್ಲ. ತಾನಾಗಿ ತಾಳಕ್ಕೆ ಆಡುವ ಆಟೋ ವಾ ಇನ್ನೊಂದು ಬಗೆ. ನಿಮಿಷಕ್ಕೆ 120 ಬಡಿತದ ಹಾಡಿಗೆ ಸೆಕೆಂಡಿಗೆ ಎರಡು ಸಲ ಆಡಬೇಕು. ಡೋಲಕ್ಕಿನವನು ಹುಮ್ಮಸ್ಸಿನಲ್ಲಿ ಲಯ ಏರಿಸಿದರೆ ಯಂತ್ರ ಹಿಂದುಳಿಯುತ್ತದೆ. ಪೆಂಡಾಲಿಗೆ ಅದು ಬೇಡ.

ಇಷ್ಟು ಮಾಡಿದರೂ ಕಿವಿ ಕೊರೆಯುತ್ತಿದ್ದರೆ ತಪ್ಪು ಬಹುತೇಕ ಕೇಬಲ್ಲಿನ ಆ ಕೊನೆಯಲ್ಲಿದೆ. ಗಿಟಾರ್ ಆಂಪ್ಲಿಫೈಯರಿನ ಹನ್ನೆರಡು ಇಂಚಿನ ಸ್ಪೀಕರು ಸುಮಾರು 5,000 ಹರ್ಟ್ಸ್ ದಾಟಿದ ಮೇಲೆ ಸದ್ದು ಇಳಿಸುತ್ತದೆ, ಅದರ ಸೌಮ್ಯತೆ ಬರುವುದೇ ಅಲ್ಲಿಂದ. ನಮ್ಮಲ್ಲಿ ಗಿಟಾರು ನೇರ ಮಿಕ್ಸರಿಗೆ ಹೋಗುತ್ತದೆ, ಮಿಕ್ಸರಿನಿಂದ ಹಾರ್ನ್ ಇರುವ ದೊಡ್ಡ ಸ್ಪೀಕರಿಗೆ. ಹಾರ್ನು ಏನನ್ನೂ ಮುಚ್ಚಿಡುವುದಿಲ್ಲ. ಆದ್ದರಿಂದ ಪ್ರೊಸೆಸರಿನ ಔಟ್‌ಪುಟ್ ಪುಟದಲ್ಲಿ ಲೈನ್ ಎಂದು ಆರಿಸಿ, ಆಂಪ್ಲಿಫೈಯರಿನ ಸ್ಪೀಕರನ್ನು ಅನುಕರಿಸುವ ಕ್ಯಾಬಿನೆಟ್ ಸಿಮ್ಯುಲೇಷನ್ ಆನ್ ಇಡಲೇಬೇಕು. ನನ್ನ ಲೆಕ್ಕದಲ್ಲಿ ‘ಡಿಜಿಟಲ್ ವಾ ಸರಿಯಿಲ್ಲ’ ಎಂಬ ದೂರಿನಲ್ಲಿ ಅರ್ಧ ಈ ಒಂದು ಗುಂಡಿಯದು.

ಉಳಿದರ್ಧದಲ್ಲಿ ಕರೆಂಟಿನ ಪಾಲೂ ಇದೆ. ನಮ್ಮ ವಿದ್ಯುತ್ತಿನ 50 ಹರ್ಟ್ಸ್ ಗುಂಯ್‌ಗುಡುವಿಕೆಯ ಅನುಸ್ವರಗಳನ್ನೂ ಫಿಲ್ಟರ್ ಎತ್ತಿ ಹಿಡಿಯುತ್ತದೆ. ನುಡಿಸದೆ ಕಾಲಾಡಿಸಿದರೆ ಆ ಗುಂಯ್ ಕೂಡ ‘ವಾ’ ಎನ್ನುತ್ತದೆ. ಜನರೇಟರಿಗೆ ಅರ್ಥಿಂಗ್ ಸರಿಯಿಲ್ಲದ ಕಡೆ ಪ್ರೊಸೆಸರನ್ನು ಸೆಲ್ಲಿನ ಮೇಲೆ ನಡೆಸಿ. ಅಡಾಪ್ಟರ್ ಹಾಕುವುದಾದರೆ ಅದರ ಮೇಲಿನ ಗುರುತು ನೋಡಿ. ಮೊದಲು ಹೇಳಿದ ಆ ಬಾಸ್, ಜೂಮ್ ಯಂತ್ರಗಳಿಗೆ 9 ವೋಲ್ಟ್, ನಡುವಿನ ಕಡ್ಡಿ ಮೈನಸ್. ಮನೆಯಲ್ಲಿ ಬಿದ್ದಿರುವ ಯಾವುದೋ ಅಡಾಪ್ಟರ್ ಸಿಕ್ಕಿಸಿದರೆ ಯಂತ್ರವೇ ಸುಟ್ಟೀತು.

ಕೊನೆಗೆ ಗಣಪತಿ ಮಂಡಳಿಯವರಲ್ಲಿ ಒಂದು ಬಿನ್ನಹ. ಸಂಜೆ ಜನ ಸೇರುವ ಮೊದಲು ಸೌಂಡ್ ಚೆಕ್‌ಗೆಂದು ಕೊಡುವ ಹೊತ್ತಿನಲ್ಲಿ ಗಾಯಕರ ಮೈಕಿನದೇ ಮುಗಿಯುವುದಿಲ್ಲ, ಗಿಟಾರಿನವನ ಸರದಿ ಬರುವಷ್ಟರಲ್ಲಿ ಮಂಗಳಾರತಿ ಶುರುವಾಗಿರುತ್ತದೆ. ಮೇಲೆ ಹೇಳಿದ್ದನ್ನೆಲ್ಲ ಅವನು ಮನೆಯಲ್ಲೇ ಮಾಡಿಕೊಂಡು ಬಂದಿದ್ದರೂ ನಿಮ್ಮ ಸ್ಪೀಕರಿನಲ್ಲಿ ಗರಿಷ್ಠದ ಅಂಕಿ ಒಂದನ್ನು ತಿದ್ದಬೇಕಾಗುತ್ತದೆ. ಅವನಿಗೆ ಹತ್ತು ನಿಮಿಷ ಕೊಡಿ.