ಪ್ರವೇಶ ಪರೀಕ್ಷೆಯೂ ಮರೆವಿನ ಲೆಕ್ಕವೂ

ಹಲ್ಲು ನೋಯುವವರೆಗೆ ದಂತವೈದ್ಯರ ನೆನಪು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಆ ವೈದ್ಯರು ಎಷ್ಟು ಓದಿರಬೇಕು, ಓದಿದ್ದರಲ್ಲಿ ಎಷ್ಟನ್ನು ನೆನಪಿನಲ್ಲಿ ಉಳಿಸಿಕೊಂಡಿರಬೇಕು ಎಂಬ ಯೋಚನೆಯಂತೂ ದೂರವೇ ಉಳಿಯಿತು. ಹಿಂದೆ ನಮ್ಮ ಪಿ.ಯು.ಸಿ. ತರಗತಿಯಲ್ಲಿ ಭೌತಶಾಸ್ತ್ರ ಕಲಿತು ಈಗ ಬಿ.ಡಿ.ಎಸ್. ಮುಗಿಸಿರುವ ವಿದ್ಯಾರ್ಥಿನಿಯೊಬ್ಬಳು ಕಳೆದ ವರ್ಷ ನಮ್ಮ ಮನೆಗೆ ಬಂದು, “ಸಾರ್, ಎಲ್ಲವನ್ನೂ ನಾಲ್ಕು ನಾಲ್ಕು ಸಲ ಓದಿದೆ. ಆದರೂ ಸೀಟು ಸಿಗಲಿಲ್ಲ. ಇನ್ನೊಂದು ವರ್ಷ ಮನೆಯಲ್ಲಿಯೇ ಕುಳಿತು ಓದುತ್ತೇನೆಂದು ಅಪ್ಪನಿಗೆ ಹೇಳುವುದು ಹೇಗೆ?” ಎಂದು ಕೇಳಿದಾಗಲೇ ನಮ್ಮ ಲಕ್ಷ್ಯ ಇತ್ತ ಹರಿದದ್ದು.

ಆಕೆ ಬರೆದದ್ದು ನೀಟ್–ಎಂ.ಡಿ.ಎಸ್. ಪರೀಕ್ಷೆ. ದಂತವೈದ್ಯದ ಯಾವುದಾದರೊಂದು ಶಾಖೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯಬೇಕೆನ್ನುವವರಲ್ಲಿ ಬಹುಪಾಲು ಜನ ಇದನ್ನು ದಾಟಿಯೇ ಹೋಗಬೇಕು. ಪ್ರಶ್ನೆಗಳು 240, ಪ್ರತಿಯೊಂದಕ್ಕೂ ನಾಲ್ಕು ಉತ್ತರಗಳನ್ನು ಕೊಟ್ಟಿರುತ್ತಾರೆ, ಸರಿಯಾದುದನ್ನು ಗುರುತಿಸಬೇಕು. ಸರಿಯಾದರೆ 4 ಅಂಕ, ತಪ್ಪಾದರೆ ಬಂದ ಅಂಕಗಳಲ್ಲಿ 1 ಕಡಿತ. ಕಾಲಾವಕಾಶ ಮೂರು ಗಂಟೆ, ಎಂದರೆ ಪ್ರಶ್ನೆಯೊಂದಕ್ಕೆ 45 ಸೆಕೆಂಡು. ಅಂಗರಚನೆ, ಔಷಧಶಾಸ್ತ್ರಗಳಿಂದ ಹಿಡಿದು ಮಕ್ಕಳ ದಂತಚಿಕಿತ್ಸೆಯವರೆಗೆ ನಾಲ್ಕು ವರ್ಷಗಳ ಪಾಠವೆಲ್ಲ ಇದರೊಳಗೆ ಬರುತ್ತದೆ.

ಆಕೆಯ ಪುಸ್ತಕಗಳನ್ನು ತೆರೆದು ನೋಡಿದೆವು. ಗೆರೆ ಎಳೆಯದ ಸಾಲೇ ಇರಲಿಲ್ಲ! ಮೊದಲ ಓದಿಗೆ ಪೆನ್ಸಿಲು, ಎರಡನೆಯದಕ್ಕೆ ಹಳದಿ, ಮೂರನೆಯದಕ್ಕೆ ಹಸಿರು. ನಾಲ್ಕನೆಯ ಓದಿನ ಹೊತ್ತಿಗೆ ಪುಟ ತಿರುವಿದೊಡನೆ ಎಲ್ಲವೂ ಗೊತ್ತಿರುವಂತೆ ತೋರುತ್ತಿದ್ದಿತಂತೆ. ಪರೀಕ್ಷೆಯ ಕೊಠಡಿಯಲ್ಲಿಯೂ ಹಾಗೆಯೇ ಆಯಿತು: ನಾಲ್ಕು ಉತ್ತರಗಳೂ ಗೊತ್ತಿರುವಂತೆಯೇ ತೋರಿದವು. ದೋಷವಿರುವುದು ಇಲ್ಲಿಯೇ. ಬೀದಿಯಲ್ಲಿ ಕಂಡವರ ಮುಖ ಗುರುತಿಸುವುದು ಬೇರೆ, ಅವರ ಹೆಸರನ್ನು ಹೇಳುವುದು ಬೇರೆ. ಮರು ಓದು ನಮ್ಮಲ್ಲಿ ಬೆಳೆಸುವುದು ಬಹುಮಟ್ಟಿಗೆ ಮೊದಲನೆಯದನ್ನು. ಪ್ರಯೋಗಶಾಲೆಯ ಭಾಷೆಯಲ್ಲಿ ಹೇಳುವುದಾದರೆ, “ಗೊತ್ತಿದೆ” ಎಂಬ ಭಾವನೆ ಶೂನ್ಯದೋಷವುಳ್ಳ ಉಪಕರಣ. ಅಳೆಯತಕ್ಕ ವಸ್ತುವನ್ನು ಇಡುವ ಮೊದಲೇ ಅದರ ಮುಳ್ಳು ಮುಂದೆ ಸರಿದಿರುತ್ತದೆ.

ಹಾಗಾದರೆ ಮರೆವನ್ನು ನಿಜವಾಗಿ ಅಳೆದವರು ಉಂಟೆ? ಉಂಟು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಪಟ್ಟಿ ಮಾಡಿ ತಾವೇ ಬಾಯಿಪಾಠ ಮಾಡಿದರು. ಕೆಲವು ಕಾಲದ ನಂತರ ಅದೇ ಪಟ್ಟಿಯನ್ನು ಮತ್ತೆ ಕಲಿಯಲು ಎಷ್ಟು ಹೊತ್ತು ಬೇಕೆಂದು ನೋಡಿ, ಮೊದಲಿಗಿಂತ ಉಳಿತಾಯವಾದ ಹೊತ್ತನ್ನು ನೆನಪಿನ ಅಳತೆಯೆಂದು ತೆಗೆದುಕೊಂಡರು. 1885ರಲ್ಲಿ ಅವರು ಪ್ರಕಟಿಸಿದ ಅಂಕಿಗಳಂತೆ ಒಂದು ಗಂಟೆಯ ನಂತರ ಉಳಿತಾಯ ಶೇಕಡ 44, ಒಂಬತ್ತು ಗಂಟೆಯ ನಂತರ 36, ಒಂದು ದಿನದ ನಂತರ 34, ಆರು ದಿನದ ನಂತರ 25, ಮೂವತ್ತೊಂದು ದಿನದ ನಂತರ 21.

ಭೌತಶಾಸ್ತ್ರ ಓದಿದವರಿಗೆ ಇದನ್ನು ಕಂಡೊಡನೆ ವಿಕಿರಣಪಟು ಧಾತುಗಳ ಕ್ಷಯ ನೆನಪಾಗುತ್ತದೆ. ನಮಗೂ ಆಯಿತು. ಆದರೆ ಹೋಲಿಕೆ ಸರಿಹೊಂದುವುದಿಲ್ಲ. ಧಾತುವಿನಂತೆ ಪ್ರತಿ ಗಂಟೆಗೂ ಅದೇ ಪ್ರಮಾಣದಲ್ಲಿ ಕ್ಷಯವಾಗುತ್ತಿದ್ದರೆ, ಒಂಬತ್ತು ಗಂಟೆಯಲ್ಲಿ ಸಾವಿರದಲ್ಲೊಂದು ಪಾಲೂ ಉಳಿಯುತ್ತಿರಲಿಲ್ಲ. ಉಳಿದದ್ದಾದರೋ ಮೂರರಲ್ಲೊಂದು ಪಾಲಿಗಿಂತ ಹೆಚ್ಚು! ಮೊದಲ ದಿನದ ನಷ್ಟ ಭಾರಿಯಾದುದು. ಅದನ್ನು ದಾಟಿ ಉಳಿದದ್ದು ಬಹಳ ನಿಧಾನವಾಗಿ ಸವೆಯುತ್ತದೆ. ಅರ್ಥವುಳ್ಳ ಪಾಠ ಅರ್ಥವಿಲ್ಲದ ಅಕ್ಷರಗಳಿಗಿಂತ ಚೆನ್ನಾಗಿ ನಿಲ್ಲುತ್ತದೆ ಎನ್ನುವುದು ನಿಜವಾದರೂ ರೇಖೆಯ ಆಕಾರ ಮಾತ್ರ ಹೆಚ್ಚುಕಡಿಮೆ ಇದೇ. ಆದುದರಿಂದ ಒಂದೇ ದಿನ ನಾಲ್ಕು ಸಲ ಓದುವುದಕ್ಕೂ ನಾಲ್ಕು ಬೇರೆ ಬೇರೆ ದಿನಗಳಲ್ಲಿ ಒಂದೊಂದು ಸಲ ಓದುವುದಕ್ಕೂ ಅಂತರವಿದೆ.

ಎರಡನೆಯ ಪ್ರಯೋಗ ಈಚಿನದು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬವರು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಗದ್ಯಭಾಗವನ್ನು ಓದಿಸಿದರು. ಆಮೇಲೆ ಒಂದು ಕಡೆ ಅದನ್ನೇ ಮತ್ತೊಮ್ಮೆ ಓದಿಸಿದರು; ಇನ್ನೊಂದು ಕಡೆ ಓದಿದ್ದನ್ನು ನೋಡದೆ ನೆನಪಿನಿಂದ ಬರೆಯಿಸಿದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದು: ಅವರಿಗೆ ಶೇಕಡ 81, ಬರೆದವರಿಗೆ 75. ಆದರೆ ಒಂದು ವಾರ ಕಳೆದ ಮೇಲೆ ಓದಿದವರಿಗೆ 42, ಬರೆದವರಿಗೆ 56! ತಕ್ಕಡಿ ಅತ್ತಿಂದಿತ್ತ ವಾಲಿತು. ಪುಸ್ತಕ ಮುಚ್ಚಿ ನೆನಪನ್ನು ಪರೀಕ್ಷಿಸುವುದು ಅಳತೆಯಷ್ಟೇ ಅಲ್ಲ, ನೆನಪನ್ನು ಗಟ್ಟಿ ಮಾಡುವ ಕ್ರಿಯೆಯೂ ಹೌದು.

ನಾವು ಆಕೆಗೆ ಹೇಳಿದುದು ಇಷ್ಟು: ಪಾಠವನ್ನು ಓದಿದ ಮಾರನೆಯ ದಿನ ಅದರ ಮೇಲಿನ ಹಳೆಯ ಪ್ರಶ್ನೆಗಳನ್ನು ಪುಸ್ತಕ ತೆರೆಯದೆ ಬಿಡಿಸು, ತಪ್ಪಿದ ಕಡೆ ಮಾತ್ರ ಪುಸ್ತಕ ನೋಡು, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ, ಎರಡು ವಾರ ಬಿಟ್ಟು ಮತ್ತೊಮ್ಮೆ. ಈ ಅಂತರಗಳು ನಮ್ಮ ಅಂದಾಜು, ವೇದವಾಕ್ಯವಲ್ಲ. ಮೊದಲ ವಾರ ಆಕೆಗೆ ಬಹಳ ಬೇಸರವಾಯಿತು. ಮರು ಓದಿನಲ್ಲಿ ದಿನಕ್ಕೆ ಐವತ್ತು ಪುಟ ಮುಗಿಯುತ್ತಿದ್ದಿತು, ಇಲ್ಲಿ ಹದಿನೈದೂ ಮುಗಿಯುತ್ತಿರಲಿಲ್ಲ. ಮೇಲಾಗಿ ತಪ್ಪುಗಳೇ ತಪ್ಪುಗಳು. ತಪ್ಪು ಈಗಲೇ ಕಂಡದ್ದು ಲಾಭವೆಂದು ಒಪ್ಪಿಸುವುದಕ್ಕೆ ನಾವೂ ಸ್ವಲ್ಪ ಶ್ರಮಪಡಬೇಕಾಯಿತು.

ಬರಿಯ ಅಂಕಿಗಳು ಮಾತ್ರ ಹೀಗೆ ಮಾಡಿದರೂ ನಿಲ್ಲುತ್ತಿರಲಿಲ್ಲ. ಹಲ್ಲಿನ ಹುಳುಕು ತುಂಬಲು ಪಾದರಸ, ಬೆಳ್ಳಿ, ತವರಗಳ ಮಿಶ್ರಣವಾದ ಅಮಾಲ್ಗಮ್ ಎಂಬುದೊಂದುಂಟು. ಬಳಕೆ ಕಡಿಮೆಯಾಗುತ್ತಿದ್ದರೂ ಪಠ್ಯದಲ್ಲಿ ಅದರ ಸ್ಥಾನ ಹೋಗಿಲ್ಲ. ಒಂದು ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಅದು ಹತ್ತು ಲಕ್ಷದಲ್ಲಿ ಸುಮಾರು 25 ಪಾಲು ಹಿಗ್ಗುತ್ತದೆ, ಹಲ್ಲು ಸುಮಾರು 11 ಪಾಲು. ಆಕೆ ಈ ಅಂಕಿಗಳನ್ನು ಹತ್ತು ಸಲ ಮರೆತಿದ್ದಳು. ಕೊನೆಗೆ ಲೆಕ್ಕ ಮಾಡಿಸಿದೆವು. 4 ಮಿಲಿಮೀಟರು ಅಗಲದ ತುಂಬುವಿಕೆಯಿರುವ ಹಲ್ಲಿಗೆ ಐಸ್‌ಕ್ರೀಮು ತಗುಲಿ 30 ಡಿಗ್ರಿ ತಂಪಾಯಿತು ಎನ್ನಿ. ಎರಡರ ಕುಗ್ಗುವಿಕೆಯ ವ್ಯತ್ಯಾಸ ಮಿಲಿಮೀಟರಿನ ಸಾವಿರದಲ್ಲಿ 1.7 ಪಾಲು. ಬಾಯಿಯೊಳಗೆ ತಂಪು ಅಷ್ಟು ಆಳಕ್ಕೆ ಇಳಿಯುವುದಿಲ್ಲವಾದ್ದರಿಂದ ಇದು ಮೇಲ್ಮಿತಿಯ ಲೆಕ್ಕ. ಆದರೂ ಹುಳುಕನ್ನುಂಟುಮಾಡುವ ಬ್ಯಾಕ್ಟೀರಿಯವೊಂದರ ಅಗಲವೇ ಸಾವಿರದಲ್ಲಿ ಒಂದು ಪಾಲಿನಷ್ಟು! ಬಿಸಿ ಕಾಫಿ, ತಣ್ಣೀರುಗಳಿಂದ ಅಂಚಿನ ಸಂದು ತೆರೆದು ಮುಚ್ಚುವಾಗ ದ್ರವ ಒಳಹೊರಗೆ ಸಾಗುವುದೇಕೆ, ಹಲ್ಲಿನಷ್ಟೇ ಹಿಗ್ಗುವ ಗ್ಲಾಸ್ ಅಯಾನೊಮರ್ ಸಿಮೆಂಟಿಗೆ ಈ ತೊಂದರೆ ಏಕಿಲ್ಲ ಎಂಬ ಪ್ರಶ್ನೆಗಳಿಗೂ ಇದೇ ಲೆಕ್ಕದಲ್ಲಿ ಉತ್ತರ ದೊರೆಯಿತು. 25 ಎಂಬ ಅಂಕಿಯನ್ನು ಆಕೆ ಮತ್ತೆ ಮರೆಯಲಿಲ್ಲ.

ಇನ್ನು ಊಹೆಯ ವಿಚಾರ. ತಪ್ಪಿಗೆ ಒಂದು ಅಂಕ ಹೋಗುತ್ತದೆಂಬ ಅಂಜಿಕೆಯಿಂದ ಆಕೆ ನಲವತ್ತು ಪ್ರಶ್ನೆಗಳನ್ನು ಮುಟ್ಟದೆ ಬಿಟ್ಟಿದ್ದಳು. ಇದು ಸರಿಯೆ? ಕಣ್ಣುಮುಚ್ಚಿ ಗುರುತಿಸಿದರೆ ನಾಲ್ಕರಲ್ಲಿ ಸರಾಸರಿ ಒಂದು ಸರಿ, ಮೂರು ತಪ್ಪು. 4 ಬಂದು 3 ಹೋಗಿ, ಪ್ರಶ್ನೆಗೆ ಕಾಲು ಅಂಕ ಉಳಿಯುತ್ತದೆ. ನಲವತ್ತಕ್ಕೆ 10 ಅಂಕ. ಆದರೆ ಸರಾಸರಿಯನ್ನಷ್ಟೇ ನಂಬಬಾರದು. ಚದರಿಕೆಯನ್ನು ಲೆಕ್ಕ ಹಾಕಿದರೆ, ಮೂರರಲ್ಲಿ ಎರಡು ಸಲ ಫಲ ಸುಮಾರು −4ರಿಂದ 24ರವರೆಗೆ ಎಲ್ಲಿಯಾದರೂ ಬೀಳಬಹುದು. ಇದು ಜೂಜು. ಎರಡು ಉತ್ತರಗಳು ಖಂಡಿತ ಅಲ್ಲವೆಂದು ತಿಳಿದು ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಚಿತ್ರವೇ ಬದಲಾಗುತ್ತದೆ: ಪ್ರಶ್ನೆಗೆ ಒಂದೂವರೆ ಅಂಕದಂತೆ ನಲವತ್ತಕ್ಕೆ 60, ಅದೇ ಚದರಿಕೆಯಲ್ಲಿ 44ರಿಂದ 76. ಅರ್ಧ ತಿಳಿದದ್ದನ್ನು ಖಾಲಿ ಬಿಡುವುದು ಕೈಯಲ್ಲಿದ್ದ ಹಣವನ್ನು ಚೆಲ್ಲಿದಂತೆ. 2025ರ ಪರೀಕ್ಷೆಯಲ್ಲಿ ಪತ್ರಿಕೆಯನ್ನು 75 ನಿಮಿಷದ 100 ಪ್ರಶ್ನೆಗಳು, 105 ನಿಮಿಷದ 140 ಪ್ರಶ್ನೆಗಳು ಎಂದು ಎರಡು ಭಾಗ ಮಾಡಿದ್ದರು. ಮೊದಲ ಭಾಗದ ಹೊತ್ತು ಮುಗಿದ ಮೇಲೆ ಅದಕ್ಕೆ ಹಿಂದಿರುಗುವಂತಿರಲಿಲ್ಲ. ಆದುದರಿಂದ ಈ ನಿರ್ಧಾರವನ್ನು ಕೊನೆಗೆ ನೋಡೋಣವೆಂದು ಮುಂದೂಡುವುದೂ ಸಾಧ್ಯವಿಲ್ಲ.

ಈ ಲೆಕ್ಕದಲ್ಲಿ ಒಂದು ಬಿರುಕುಂಟು. “ಖಂಡಿತ ಅಲ್ಲ” ಎಂದು ನಾವು ತಳ್ಳಿದ ಉತ್ತರವೇ ಸರಿಯಾಗಿದ್ದರೆ? ಅದಕ್ಕಾಗಿ ಅಭ್ಯಾಸದ ಪ್ರತಿ ಉತ್ತರದ ಪಕ್ಕದಲ್ಲಿ “ಖಚಿತ”, “ಎರಡರಲ್ಲೊಂದು”, “ಬರಿಯ ಊಹೆ” ಎಂದು ಗುರುತು ಹಾಕುವಂತೆ ಹೇಳಿದೆವು. ಎರಡು ತಿಂಗಳ ನಂತರ ಆಕೆ ಪಟ್ಟಿ ತಂದಳು. “ಎರಡರಲ್ಲೊಂದು” ಎಂದದ್ದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಸರಿಯಾಗಿದ್ದವು; ಊಹೆ ಊಹೆಯಂತೆಯೇ ಇದ್ದಿತು. ಆದರೆ “ಖಚಿತ” ಎಂದದ್ದರಲ್ಲಿ ಆರಕ್ಕೊಂದು ತಪ್ಪು. ಅವುಗಳಲ್ಲಿ ಹೆಚ್ಚಿನವು ಔಷಧಶಾಸ್ತ್ರದವು, ಎಲ್ಲಕ್ಕಿಂತ ಚೆನ್ನಾಗಿ ಬರುತ್ತದೆಂದು ಆಕೆ ಮುಟ್ಟದೆ ಬಿಟ್ಟಿದ್ದ ವಿಷಯ. ಪರೀಕ್ಷೆಗೆ ಇನ್ನೂ ಕೆಲವು ವಾರಗಳಿವೆ. ಆಕೆ ಈಗ ಓದುತ್ತಿರುವುದು ಅದನ್ನೇ.