ಅಪರಾಧಿ ಬೆಣ್ಣೆಯೋ, ಸಕ್ಕರೆಯೋ?

೧೯೫೫ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೃದಯಾಘಾತದಿಂದ ಹಾಸಿಗೆ ಹಿಡಿದಾಗ, ಹೃದ್ರೋಗದ ಭೀತಿ ಆ ದೇಶದ ಊಟದ ಮೇಜಿಗೂ ಬಂದಿತು. ತಪ್ಪು ಯಾವ ಪದಾರ್ಥದ್ದು? ಮಿನ್ನೆಸೋಟದ ವಿಜ್ಞಾನಿ ಆನ್ಸೆಲ್ ಕೀಸ್ ಬೆಣ್ಣೆ, ಮಾಂಸಗಳ ಜಿಡ್ಡಿನತ್ತ ಬೆರಳು ತೋರಿದರು. ಲಂಡನ್ನಿನ ಪ್ರಾಧ್ಯಾಪಕ ಜಾನ್ ಯುಡ್ಕಿನ್ ಒಪ್ಪಲಿಲ್ಲ. ಅವರ ಕಣ್ಣಿಗೆ ಅಪರಾಧಿ ಬಿಳಿಯ ಸಕ್ಕರೆ.

ಜಗಳವು ವಿದ್ವಾಂಸರೊಳಗೇ ಉಳಿದಿದ್ದರೆ ಚಿಂತೆಯಿರಲಿಲ್ಲ. ೧೯೬೭ರಲ್ಲಿ ಹಾರ್ವರ್ಡಿನ ಮೂವರು ತಜ್ಞರು ಪ್ರಸಿದ್ಧ ವೈದ್ಯಪತ್ರಿಕೆಯೊಂದರಲ್ಲಿ ದೋಷವನ್ನೆಲ್ಲ ಜಿಡ್ಡಿನ ಮೇಲೆ ಹೊರಿಸಿ, ಸಕ್ಕರೆಯನ್ನು ಬಹುಮಟ್ಟಿಗೆ ಪಾರುಮಾಡಿದರು. ಆ ಬರಹಕ್ಕೆ ಹಣ ತೆತ್ತವರು ಯಾರು? ಸಕ್ಕರೆ ಉದ್ಯಮಿಗಳ ಸಂಶೋಧನಾ ಪ್ರತಿಷ್ಠಾನ! ಲೇಖನದಲ್ಲಿ ಇದರ ಸುಳಿವೇ ಇರಲಿಲ್ಲ. ಹಳೆಯ ಕಾಗದಪತ್ರಗಳಿಂದ ಗುಟ್ಟು ಬಯಲಾದುದು ೨೦೧೬ರಲ್ಲಿ. ಯುಡ್ಕಿನ್ ತೀರಿಕೊಂಡು ಆಗಲೇ ೨೧ ವರ್ಷಗಳಾಗಿದ್ದವು.

ಹಾಗೆಂದು ಕೀಸರ ಮಾತು ಸುಳ್ಳಲ್ಲ. ಬೆಣ್ಣೆ, ತುಪ್ಪ, ತೆಂಗಿನೆಣ್ಣೆಗಳಲ್ಲಿ ಹೇರಳವಾಗಿರುವ, ತಣ್ಣಗಾದರೆ ಹೆಪ್ಪುಗಟ್ಟುವ ಪರ್ಯಾಪ್ತ ಕೊಬ್ಬು ರಕ್ತದ ಕೊಲೆಸ್ಟರಾಲನ್ನು ಏರಿಸುವುದು ನಿಜವೇ. ಅದರ ಸ್ಥಾನಕ್ಕೆ ಸೂರ್ಯಕಾಂತಿ ಎಣ್ಣೆಯೋ ಎಳ್ಳೆಣ್ಣೆಯೋ ಬಂದರೆ ಹೃದಯಕ್ಕೆ ಹಿತ. ಬೆಣ್ಣೆಯನ್ನು ಬಿಟ್ಟು ಸಿಹಿ ಬಿಸ್ಕತ್ತಿಗೆ ಕೈಚಾಚುವವನಿಗೆ ಮಾತ್ರ ಆ ವ್ರತದಿಂದ ಫಲವಿಲ್ಲ. ಜಿಡ್ಡು ತೆಗೆದುದೆಂದು ಮಾರುವ ಎಷ್ಟೋ ತಿಂಡಿಗಳಲ್ಲಿ ಹೋದ ರುಚಿಯನ್ನು ತುಂಬಿಕೊಡುವುದೂ ಸಕ್ಕರೆಯೇ.

ವಿಶ್ವ ಆರೋಗ್ಯ ಸಂಸ್ಥೆಯಂತೂ ಇಬ್ಬರನ್ನೂ ಬಿಟ್ಟಿಲ್ಲ. ದಿನದ ಆಹಾರಶಕ್ತಿಯಲ್ಲಿ ಬೆರೆಸಿದ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮುಟ್ಟಕೂಡದೆಂದು ೨೦೧೫ರಲ್ಲಿ ವಿಧಿಸಿತು. ೨೦೨೩ರಲ್ಲಿ ಪರ್ಯಾಪ್ತ ಕೊಬ್ಬಿಗೂ ಹತ್ತರದೇ ಗೆರೆ ಎಳೆಯಿತು. ೨೦೦೦ ಕ್ಯಾಲೊರಿ ಉಣ್ಣುವವರಿಗೆ ಸಕ್ಕರೆಯ ಮಿತಿ ೫೦ ಗ್ರಾಂ. ಜೇನುತುಪ್ಪ, ಹಣ್ಣಿನ ರಸ, ಪಾಯಸಕ್ಕೆ ಹಾಕಿದ ಬೆಲ್ಲ, ಎಲ್ಲವೂ ಈ ಲೆಕ್ಕದೊಳಗೇ ಸೇರಿವೆ.